ಪುಕ್ಕಟೆ ಆನೆ ನೋಡಿದೆವು ಅಂದುಕೊಂಡವರಿಗೆ

ಮಾನ್ಯ ಸಂಪಾದಕರೇ,

ಸರ್ಕಸ್ ಆನೆಗಳು ನಗರದ ಬೀದಿಯಲ್ಲಿ ಸಾಲಾಗಿ ನಡೆದುಹೋಗುತ್ತಿದ್ದ ಕಾಲದ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಮಾತು ಒಪ್ಪಿಗೆಯಾಗಲಿಲ್ಲ. ಟಿಕೆಟ್ ಕೊಳ್ಳಲು ಆಗದವರಿಗೂ ಸರ್ಕಸ್‌ನವರು ಪುಕ್ಕಟೆ ಆನೆ ತೋರಿಸುತ್ತಿದ್ದರಂತೆ. ಪುಕ್ಕಟೆ ಎಲ್ಲಿಂದ ಬಂತು ಸ್ವಾಮಿ? ಅದು ಜಾಹೀರಾತು. ರಸ್ತೆ ಬದಿ ಬಾಯಿ ಬಿಟ್ಟುಕೊಂಡು ನಿಂತ ಜನ ಇದ್ದರೇನೇ ಆ ಜಾಹೀರಾತು ನಡೆಯುತ್ತಿದ್ದದ್ದು.

ಹಳೇ ಕಥೆ ನೋಡಿ. 1884ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಸ್ ಮಾಲೀಕ ಪಿ.ಟಿ. ಬಾರ್ನಮ್ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಮೇಲೆ 21 ಆನೆಗಳನ್ನು ನಡೆಸಿದ. ಸೇತುವೆ ತೆರೆದು ವರ್ಷವಾಗಿತ್ತಷ್ಟೆ, ಗಟ್ಟಿಯಿದೆಯೋ ಇಲ್ಲವೋ ಅಂತ ಜನರಿಗೆ ಅನುಮಾನ. ಆನೆಗಳು ದಾಟಿದವು, ಸೇತುವೆಗೂ ಹೆಸರು ಬಂತು, ಬಾರ್ನಮ್‌ಗೂ ಬಂತು. ಆ ಸಾಲಿನಲ್ಲಿದ್ದ ಜಂಬೋ ಅನ್ನೋ ಆನೆ ಮರುವರ್ಷವೇ ಕೆನಡಾದಲ್ಲಿ ರೈಲು ಬಡಿದು ಸತ್ತಿತು. ಆಮೇಲೂ ಬಿಡಲಿಲ್ಲ. ಅದರ ಚರ್ಮ ತುಂಬಿಸಿ, ಎಲುಬುಗೂಡು ನಿಲ್ಲಿಸಿ, ಎರಡನ್ನೂ ಊರೂರಿಗೆ ಒಯ್ದು ತೋರಿಸಿದರು.

ನ್ಯೂಯಾರ್ಕಿನಲ್ಲೇ ಮುಂದೆ ರಿಂಗ್ಲಿಂಗ್ ಸರ್ಕಸ್‌ನ ಆನೆಗಳು ನಡುರಾತ್ರಿ ಕ್ವೀನ್ಸ್-ಮಿಡ್‌ಟೌನ್ ಸುರಂಗದೊಳಗೆ ನಡೆದು ಮ್ಯಾನ್‌ಹಟನ್‌ಗೆ ಬರುತ್ತಿದ್ದವು. ರೈಲಿನಿಂದ ಇಳಿಸುವ ಜಾಗ ನದಿಯ ಆಚೆ, ಪ್ರದರ್ಶನ ಈಚೆ. ನಿಜವಾಗಿ ಅದು ಬರೀ ಸಾಗಾಟ, ಆದರೆ ಜನ ನಿದ್ದೆಗೆಟ್ಟು ಬಂದು ನಿಲ್ಲುತ್ತಿದ್ದರು. ಅವರ ಮೇಲೆ ನನಗೆ ಕೋಪವಿಲ್ಲ. ಅಷ್ಟು ದೊಡ್ಡ ಪ್ರಾಣಿ ಸದ್ದೇ ಇಲ್ಲದೆ ಪಕ್ಕದಲ್ಲಿ ಹಾದುಹೋದರೆ ಯಾರಿಗಾದರೂ ಮೈ ಜುಂ ಅನ್ನುತ್ತೆ.

ಹಿಂದಿನ ಆನೆ ಮುಂದಿನದರ ಬಾಲ ಹಿಡಿದು ನಡೆಯುತ್ತದಲ್ಲ, ನಿಮ್ಮ ಲೇಖಕರು ಅದನ್ನು ತುಂಬಾ ಮುದ್ದಾಗಿ ವರ್ಣಿಸಿದ್ದಾರೆ. ಅದು ಕಲಿಸಿದ ಪಾಠ. ಸೊಂಡಿಲು ಖಾಲಿ ಬಿಟ್ಟರೆ ಆನೆ ಸುಮ್ನೆ ಇರುವ ಪ್ರಾಣಿಯಲ್ಲ, ಕಂಡದ್ದನ್ನೆಲ್ಲ ಮುಟ್ಟಿ ಮೂಸಿ ನೋಡುತ್ತೆ. ಬಾಲ ಹಿಡಿಸಿದರೆ ಸಾಲು ಮುರಿಯುವುದಿಲ್ಲ. ಪಕ್ಕದಲ್ಲಿ ನಡೆಯುವವನ ಕೈಯಲ್ಲಿ ಅಂಕುಶ ಇರುತ್ತದೆ, ಮುದ್ದಿನ ಫೋಟೊದಲ್ಲಿ ಅದು ಕಣ್ಣಿಗೆ ಬೀಳುವುದು ಕಡಿಮೆ.

ಇನ್ನೊಂದು ಮಾತು, ನನ್ನ ಪ್ರಕಾರ ಇದೇ ಮುಖ್ಯ. ಬೀದಿ ನಡಿಗೆಯೇ ಆನೆಗೆ ಹಿಂಸೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆನೆ ನಡೆಯೋದಕ್ಕೇ ಹುಟ್ಟಿದ ಪ್ರಾಣಿ, ಹಿಮ್ಮಡಿಯ ಕೆಳಗೆ ದಪ್ಪ ಕೊಬ್ಬಿನ ಮೆತ್ತೆ ಇರುತ್ತದೆ, ಕಾಡಿನಲ್ಲಿ ದಿನದ ಬಹುಪಾಲು ಅಲೆಯುತ್ತಾ ಮೇಯುತ್ತಾ ಕಳೆಯುತ್ತದೆ. ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ಕಾಲಿಗೆ ಸರಪಳಿ ಹಾಕಿ ನಿಲ್ಲಿಸಿದಾಗಲೇ ಅದರ ಪಾದ ಕೊಳೆಯೋದು, ಉಗುರು ಸೀಳೋದು, ಕೀಲು ಹಿಡಿಯೋದು. ಸಾಕಿದ ಆನೆಗಳಿಗೆ ದಯಾಮರಣ ಕೊಡಬೇಕಾದ ಸ್ಥಿತಿ ಬರೋದಕ್ಕೆ ಈ ಕಾಲಿನ ಕಾಯಿಲೆ ದೊಡ್ಡ ಕಾರಣ. ಅಂದರೆ ಜನ ನೋಡಿದ್ದು ಬಹುಶಃ ಆ ಆನೆಯ ದಿನದಲ್ಲೇ ಒಳ್ಳೆಯ ಹೊತ್ತು. ಅದನ್ನು ನೋಡಿ ಸರ್ಕಸ್‌ನಲ್ಲಿ ಆನೆ ಸುಖವಾಗಿತ್ತು ಅಂತ ತೀರ್ಮಾನಿಸಿದರೆ ಹೇಗೆ?

ಎಲ್ಲ ಸಲವೂ ಸಲೀಸಾಗಿ ಮುಗಿದಿಲ್ಲ ಬಿಡಿ. 1950ರಲ್ಲಿ ಜರ್ಮನಿಯ ವುಪರ್ಟಾಲ್‌ನಲ್ಲಿ ಪ್ರಚಾರಕ್ಕೆಂದು ಟಫಿ ಅನ್ನೋ ಮರಿಯಾನೆಯನ್ನು ತೂಗು ರೈಲಿಗೆ ಹತ್ತಿಸಿದರು. ಹೆದರಿ ಬೋಗಿಯ ಗೋಡೆ ಒಡೆದು ಕೆಳಗಿನ ನದಿಗೆ ಬಿತ್ತು, ಪುಣ್ಯಕ್ಕೆ ಉಳಿಯಿತು. 1994ರಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ಟೈಕ್ ಅನ್ನೋ ಸರ್ಕಸ್ ಆನೆ ಉಳಿಯಲಿಲ್ಲ. ಪ್ರದರ್ಶನದ ಮಧ್ಯೆಯೇ ತರಬೇತುದಾರನನ್ನು ಕೊಂದು ಬೀದಿಗೆ ಓಡಿತು. ಪೊಲೀಸರು 80ಕ್ಕೂ ಹೆಚ್ಚು ಗುಂಡು ಹಾರಿಸಿದರು.

ಆನೆ ಇಲ್ಲದಿದ್ದರೆ ಸರ್ಕಸ್ಸೇ ಇಲ್ಲ ಅಂತ ಬರಹದ ಕೊನೆಯಲ್ಲಿದೆ. ರಿಂಗ್ಲಿಂಗ್‌ನವರು 2016ರಲ್ಲಿ ಆನೆಗಳನ್ನು ಕೈಬಿಟ್ಟು, ಮರುವರ್ಷ ಬಾಗಿಲು ಹಾಕಿದ್ದು ನಿಜ. ಆದರೆ 2023ರಲ್ಲಿ ಅದೇ ಸರ್ಕಸ್ ಒಂದೂ ಪ್ರಾಣಿ ಇಲ್ಲದೆ ಮತ್ತೆ ಶುರುವಾಯಿತು, ಇದನ್ನೂ ಬರೆಯಬೇಕಿತ್ತು ಅಲ್ವಾ?

ಹಳೆಯ ಫೋಟೊ ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಹಾಕಿ. ಮುಂದಿನ ಸಲ ಅಡಿಬರಹದಲ್ಲಿ ಇನ್ನೊಂದು ಸಾಲು ಸೇರಿಸಿ: ಮೆರವಣಿಗೆ ಮುಗಿದ ಮೇಲೆ ಆ ಆನೆಗಳನ್ನು ಎಲ್ಲಿ ಕಟ್ಟಿದರು, ಎಷ್ಟು ಹೊತ್ತು ಕಟ್ಟಿದರು.

ಇಂತಿ,
ನಿಮ್ಮ ಪತ್ರಿಕೆಯ ಓದುಗ