ಕೋವಿ ಮಾರುವವರಿಗೂ ಕೊಳ್ಳುವವರಿಗೂ: ಇನ್ನು ಮಾರಾಟ ಪತ್ರ ಬೇಕು

ಮಾನ್ಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಅಂಗಡಿಯ ಒಂದು ಪದ್ಧತಿ ಬದಲಾಗುತ್ತಿದೆ. ನಿಮ್ಮಲ್ಲಿ ಒಬ್ಬರು ತಮ್ಮ ಕೋವಿಯನ್ನು ಇನ್ನೊಬ್ಬರಿಗೆ ಮಾರುವ ವ್ಯವಹಾರ ನಮ್ಮಲ್ಲಿ ನಡೆಯುವುದಾದರೆ, ಇಬ್ಬರೂ ಸಹಿ ಹಾಕಿದ ಮಾರಾಟ ಪತ್ರವಿಲ್ಲದೆ ಕೋವಿ ನಮ್ಮ ಬೀರುವಿನಿಂದ ಹೊರಗೆ ಹೋಗುವುದಿಲ್ಲ. ಅಣ್ಣತಮ್ಮಂದಿರಾದರೂ ಅಷ್ಟೇ, ಅಜ್ಜನ ಕಾಲದಿಂದ ಬೇಲಿ ಹಂಚಿಕೊಂಡ ಪಕ್ಕದ ತೋಟದವರಾದರೂ ಅಷ್ಟೇ.

ವಿಷಯ ಕಿವಿಗೆ ಬಿದ್ದ ಕೆಲವರು ಆಗಲೇ ಬಂದು ಕೇಳಿದ್ದಾರೆ: "ಕಾನೂನೇ ಕೇಳದ ಕಾಗದ ನಿಮಗ್ಯಾಕೆ ಸ್ವಾಮಿ?" ಕೇಳಬೇಕಾದ ಪ್ರಶ್ನೆಯೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಮಾರಾಟ ಪತ್ರ ಕೇಳುವುದಿಲ್ಲ. ಸ್ವಂತ ಬಳಕೆಗೆ ಇಟ್ಟುಕೊಂಡ ಕೋವಿಯನ್ನು ಮಾರುವವರು, ಕೊಳ್ಳುವವರ ಹೆಸರು ವಿಳಾಸ ಬರೆದು, ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಯ ಅಧಿಕಾರಿಗೋ ಮೊದಲೇ ತಿಳಿಸಬೇಕು, ತಿಳಿಸಿದ ಮೇಲೆ ಕನಿಷ್ಠ 45 ದಿನ ಕಾಯಬೇಕು ಎಂದಷ್ಟೇ ಹೇಳುತ್ತದೆ. ಕೊಳ್ಳುವವರಿಗೆ ಆ ಬಗೆಯ ಕೋವಿ ಇಟ್ಟುಕೊಳ್ಳುವ ಹಕ್ಕು ಇರಬೇಕು ಎಂಬುದಂತೂ ಇದ್ದೇ ಇದೆ. ತಿಳಿಸದೆ ಮಾರಿದರೆ ಅಥವಾ 45 ದಿನ ತುಂಬುವ ಮೊದಲೇ ಕೊಟ್ಟರೆ ಆರು ತಿಂಗಳವರೆಗೆ ಸಜೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. 500 ರೂಪಾಯಿಗೆ ಈಗ ಒಂದು ಡಬ್ಬಿ ತೋಟಾ ಕೂಡ ಬರುವುದಿಲ್ಲ ಎಂದು ನಗುವವರಿದ್ದಾರೆ. ಲೈಸೆನ್ಸ್‌ಗೆ ಕುತ್ತು ಬಂದ ದಿನ ಆ ನಗು ಇರುವುದಿಲ್ಲ.

ಈ ವ್ಯವಸ್ಥೆಯಲ್ಲಿ ಒಂದು ಸಂದು ಉಳಿದಿದೆ. ನೀವು ಕೊಡುವ ಅರ್ಜಿ "ಮಾರಬೇಕೆಂದಿದ್ದೇನೆ" ಎನ್ನುತ್ತದೆ. ಮಾರಿದ್ದೇನೆ ಎನ್ನುವುದಿಲ್ಲ. ಅರ್ಜಿ ಕೊಟ್ಟದ್ದು ಯುಗಾದಿಗೆ, ಕೋವಿ ಕೊಟ್ಟದ್ದು ಗೌರಿ ಹಬ್ಬ ಕಳೆದ ಮೇಲೆ ಎಂದಾಗಬಹುದು. ಹಣ ಹೊಂದದೆ ವ್ಯವಹಾರ ಮುರಿದೂ ಹೋಗಬಹುದು. ಕೋವಿ ನಿಜವಾಗಿ ನಿಮ್ಮ ಕೈ ಬಿಟ್ಟ ತಾರೀಖು ಎಲ್ಲಿ ಬರೆದಿದೆ? ಕೊಂಡವರ ಲೈಸೆನ್ಸ್‌ನಲ್ಲಿ ನಮೂದಾಗುತ್ತದೆ, ಸರಿ, ಆದರೆ ಆ ಪುಸ್ತಕ ಇರುವುದು ಅವರ ಮನೆಯಲ್ಲಿ. ಮಾರಿದವರ ಕೈಯಲ್ಲಿ ಏನಿದೆ?

ಮೂಡಿಗೆರೆ ಕಡೆಯ ನಮ್ಮ ಹಳೆಯ ಗ್ರಾಹಕರೊಬ್ಬರು ಇದರಲ್ಲಿ ಸಿಕ್ಕಿಬಿದ್ದರು. ಜೋಡುನಳಿಗೆ ಕೋವಿಯನ್ನು ಪರಿಚಯದವರಿಗೇ ನೇರವಾಗಿ ಮಾರಿದ್ದರು, ಠಾಣೆಗೆ ಅರ್ಜಿಯನ್ನೂ ಕೊಟ್ಟಿದ್ದರು. 2024ರ ಲೋಕಸಭಾ ಚುನಾವಣೆ ಬಂತು. ನೀತಿಸಂಹಿತೆ ಜಾರಿಯಾದ ಮೇಲೆ ಗೊತ್ತಲ್ಲ, ಕೋವಿ ಡೆಪಾಸಿಟ್ ಮಾಡಿ ಎಂದು ಹಲವರಿಗೆ ಆದೇಶ ಬರುತ್ತದೆ. ಇವರಿಗೆ ಫೋನ್: "ಎಲ್ಲರದ್ದೂ ಬಂದಿದೆ, ನಿಮ್ಮದೊಂದೇ ಬಾಕಿ." ಪಟ್ಟಿಯಲ್ಲಿ ಕೋವಿ ಇನ್ನೂ ಇವರ ಹೆಸರಲ್ಲೇ ಇತ್ತು. ಅರ್ಜಿಯ ನಕಲು ಹುಡುಕಿ ತೆಗೆದರೆ ಅದರ ಮೇಲೆ ಮೊಹರೂ ಇಲ್ಲ, ತಾರೀಖೂ ಇಲ್ಲ. ಕೊಂಡವರು ತೋಟ ಮಾರಿ ಬೇರೆ ಜಿಲ್ಲೆಗೆ ಹೋಗಿದ್ದರು. ಕೊನೆಗೆ ಅವರನ್ನು ಪತ್ತೆ ಹಚ್ಚಿ, ಲೈಸೆನ್ಸ್‌ನ ಪ್ರತಿ ತರಿಸಿ, ಗಂಟು ಬಿಡಿಸುವಷ್ಟರಲ್ಲಿ ಮತ ಎಣಿಕೆಯೂ ಮುಗಿದಿತ್ತು. ಚುನಾವಣೆಯಾದ್ದರಿಂದ ಅಲ್ಲಿಗೆ ನಿಂತಿತು. ಅದೇ ಕೋವಿ ಯಾವುದಾದರೂ ಬೇಟೆ ಕೇಸಿನಲ್ಲಿ ಸಿಕ್ಕಿದ್ದರೆ?

ಹಳೆಯ ಕೋವಿಗಳ ಓಡಾಟವೂ ಈಗ ಜಾಸ್ತಿಯಾಗಿದೆ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮಕ್ಕಳು ಬೆಂಗಳೂರಿನಲ್ಲಿ ನೆಲೆನಿಂತ ಮನೆಗಳಲ್ಲಿ ಕೋವಿ ನೋಡಿಕೊಳ್ಳುವವರಿಲ್ಲ. ಹಂದಿ, ಮಂಗನ ಕಾಟಕ್ಕೆ ಬೆಳೆ ರಕ್ಷಣೆ ಲೈಸೆನ್ಸ್ ಮಾಡಿಸಿದವರು ಹೊಸದಕ್ಕಿಂತ ಹಳೆಯ ಒಳ್ಳೆಯ ಕೋವಿಯೇ ಸಾಕು ಎನ್ನುತ್ತಾರೆ.

ಪತ್ರದಲ್ಲಿ ಏನಿರುತ್ತದೆ ಎಂದು ಕೇಳುತ್ತೀರಿ. ಇಬ್ಬರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಯುಐಎನ್ (ಲೈಸೆನ್ಸ್‌ದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ), ಅರ್ಜಿಗೆ ಸಿಕ್ಕ ಹಿಂಬರಹದ ತಾರೀಖು, ಕೋವಿ ಕೈಬದಲಾದ ತಾರೀಖು ಮತ್ತು ಹೊತ್ತು. ಇದಿಷ್ಟೂ ಐದು ನಿಮಿಷದ ಕೆಲಸ. ನಾವು ಸಮಯ ತೆಗೆದುಕೊಳ್ಳುವುದು ಕೋವಿಯ ವಿವರಕ್ಕೆ. ಲೈಸೆನ್ಸ್ ಪುಸ್ತಕದಲ್ಲಿರುವ ನಂಬರನ್ನು ಹಾಗೇ ಇಳಿಸಿಕೊಳ್ಳುವುದಿಲ್ಲ. ನಿಮ್ಮ ಎದುರಿಗೇ ಕೋವಿ ಖಾಲಿ ಇದೆಯೇ ನೋಡಿ, ನಳಿಗೆಯ ಅಡಿಯ ಮರ ಬಿಚ್ಚಿ, ನಳಿಗೆ ಕಳಚಿ, ಎಣ್ಣೆ ಬಟ್ಟೆಯಿಂದ ಒರೆಸಿ, ಭೂತಗನ್ನಡಿ ಹಿಡಿದು ಓದುತ್ತೇವೆ. ನಳಿಗೆಯ ಅಡಿಯಲ್ಲಿ ಒಂದು ನಂಬರ್ ಇರುತ್ತದೆ, ಆಕ್ಷನ್ (ನಳಿಗೆ ಕೂರುವ, ಗುಂಡು ಸಿಡಿಸುವ ಯಂತ್ರಭಾಗ) ಮೇಲೆ ಒಂದಿರುತ್ತದೆ, ಎರಡೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ಯಾವಾಗಲೋ ಯಾರೋ ನಳಿಗೆ ಬದಲಾಯಿಸಿದ್ದಾರೆ ಎಂದೇ ಲೆಕ್ಕ. ಕೈಬರಹದ ಹಳೆಯ ಪುಸ್ತಕಗಳಲ್ಲಿ 3 ಇದ್ದದ್ದು 8 ಆಗಿರುವುದೂ ಉಂಟು. ಆ ತಪ್ಪನ್ನು ಮಾರಾಟಕ್ಕೆ ಮೊದಲು ಕಚೇರಿಯಲ್ಲಿ ಸರಿಪಡಿಸಿಕೊಳ್ಳಬೇಕು, ಆಮೇಲಲ್ಲ. ತಯಾರಕರ ಹೆಸರಾಗಲಿ, ನಂಬರಾಗಲಿ, ಬೇರೆ ಗುರುತಾಗಲಿ ಇಲ್ಲದ ಕೋವಿಯನ್ನು ಮಾರುವಂತೆಯೇ ಇಲ್ಲ. ಅಜ್ಜನ ಕೇಪಿನ ಕೋವಿ ಇರುವವರು ಇದನ್ನು ಗಮನಿಸಿ.

ಕೋವಿಯ ಸ್ಥಿತಿಯನ್ನೂ ಬರೆಯುತ್ತೇವೆ. ಹಳೆಯ ಇಂಗ್ಲಿಷ್ 12 ಬೋರ್ ಕೋವಿಗಳಲ್ಲಿ ಎಷ್ಟೋ 65 ಮಿ.ಮೀ. ತೋಟಾಕ್ಕೆಂದು ಮಾಡಿದವು. ಅವಕ್ಕೆ ಈಗಿನ 70 ಮಿ.ಮೀ. ತೋಟಾ ಹಾಕುವುದು ಅಪಾಯ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಹಳೆಯ ಡಮಾಸ್ಕಸ್ ನಳಿಗೆಯಾದರೆ ಇನ್ನೂ ಜೋಪಾನ. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಕೊಂಡವರು ಖುಷಿಯಲ್ಲಿ ತಲೆಯಾಡಿಸಿ ಹೋಗುತ್ತಾರೆ, ನಳಿಗೆ ಉಬ್ಬಿದ ಮೇಲೆ "ಯಾರೂ ಹೇಳಲಿಲ್ಲ" ಎನ್ನುತ್ತಾರೆ.

ಆಕ್ಷೇಪಣೆಗಳಲ್ಲಿ ಒಂದಂತೂ ನ್ಯಾಯವಾದದ್ದು. ಬೆಲೆ ಎಲ್ಲರಿಗೂ ಗೊತ್ತಾಗುವುದು ಬೇಡ ಎನ್ನುತ್ತೀರಿ. ಒಪ್ಪಿದೆವು. ಪತ್ರ ಮೂರು ಪ್ರತಿಗಳಲ್ಲಿರುತ್ತದೆ. ನಿಮ್ಮಿಬ್ಬರ ಪ್ರತಿಗಳಲ್ಲಿ ಮೊಬಲಗು ಇರುತ್ತದೆ, ನಮ್ಮ ಫೈಲಿನ ಪ್ರತಿಯಲ್ಲಿ ಆ ಸಾಲು ಖಾಲಿ. ಆಧಾರ್ ನಕಲನ್ನೂ ನಾವು ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ಆಕ್ಷೇಪಣೆ ಅಮೆರಿಕದಿಂದ ಬಂತು. ಗ್ರಾಹಕರೊಬ್ಬರ ಮಗ ಅಲ್ಲಿದ್ದಾರೆ. ಇಂಥ ಚೀಟಿ ಬರೆದುಕೊಡಲು ಅಲ್ಲಿ ಎಷ್ಟೋ ಜನ ಒಪ್ಪುವುದಿಲ್ಲವಂತೆ, ನಾವೇಕೆ ಒಪ್ಪಬೇಕು ಎಂಬುದು ಅವರ ವಾದ. ಅಲ್ಲಿಯ ಲೆಕ್ಕ ಬೇರೆ. ಒಂದೇ ರಾಜ್ಯದ ನಿವಾಸಿಗಳಿಬ್ಬರು ಖಾಸಗಿಯಾಗಿ ಮಾರಿ ಕೊಂಡರೆ ಅದರ ದಾಖಲೆ ಇಡಬೇಕೆಂದು ಅಲ್ಲಿನ ಫೆಡರಲ್ ಕಾನೂನು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಮಾತ್ರ ಡೀಲರ್ ಮೂಲಕವೇ ಹೋಗಿ ಎನ್ನುತ್ತವೆ. ಹಾಗಾಗಿ ಕಾಗದ ಎಂದರೆ ಸರ್ಕಾರದ ಪಟ್ಟಿಗೆ ದಾರಿ ಎಂಬ ಅನುಮಾನ ಅಲ್ಲಿ ಸಹಜ. ನಮ್ಮಲ್ಲಿ ಲೈಸೆನ್ಸಿನ ಕೋವಿಯ ನಂಬರು ಮೊದಲೇ ಸರ್ಕಾರದ ಬಳಿ ಇದೆ. ಈ ಪತ್ರದಿಂದ ಅವರಿಗೆ ಹೊಸದೇನೂ ಸಿಗುವುದಿಲ್ಲ. ಇದುವರೆಗೆ ದಾಖಲೆಯೇ ಇಲ್ಲದೆ ಕೂತವರು ನೀವು.

ಕೊಡಗಿನ ಗ್ರಾಹಕರಿಗೆ ಒಂದು ಮಾತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕಿದ, ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2019ರಲ್ಲಿ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ, ಅವರ ಕೋವಿಗಲ್ಲ. ಕೈಲ್ ಪೊಳ್ದ್ ಆಯುಧಪೂಜೆಯ ಹಬ್ಬದಲ್ಲಿ ಹೂವಿಟ್ಟು ಪೂಜಿಸಿದ ಅದೇ ಕೋವಿ ವಿನಾಯಿತಿ ಇಲ್ಲದವರ ಕೈಗೆ ಹೋಗಬೇಕಾದರೆ ಅವರಿಗೆ ಲೈಸೆನ್ಸ್ ಇರಲೇಬೇಕು. ಒಕ್ಕದೊಳಗೇ (ಒಂದೇ ಮನೆತನದೊಳಗೇ) ಕೋವಿ ಕೈಬದಲಾದರೂ ನಮ್ಮಲ್ಲಿ ಪತ್ರ ಬರೆಸುತ್ತೇವೆ.

ದುಡ್ಡೇ ಇಲ್ಲದ ವ್ಯವಹಾರಕ್ಕೂ ಪತ್ರ ಯಾಕೆ ಎನ್ನುವವರಿಗೆ: ಕಾಯ್ದೆಯ ಲೆಕ್ಕದಲ್ಲಿ ದಾನ ಕೊಡುವುದು, ಬಾಡಿಗೆಗೆ ಕೊಡುವುದು, ಎರವಲು ಕೊಡುವುದು ಎಲ್ಲವೂ ವರ್ಗಾವಣೆಯೇ. ಹಂದಿ ಕಾಯಲು ಭಾವನಿಗೆ ಒಂದು ವಾರ ಕೊಟ್ಟದ್ದೂ ಅದರಲ್ಲಿ ಬರುತ್ತದೆ. ಮಗನ ಹೆಸರಿಗೆ ಮಾಡಿಸುವ ಯೋಚನೆ ಇದ್ದರೆ ಮಾರಾಟದ ದಾರಿ ಹಿಡಿಯಬೇಡಿ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, 2016ರ ನಿಯಮಗಳಲ್ಲಿ ವಾರಸುದಾರರು ಲೈಸೆನ್ಸ್‌ಗೆ ಅರ್ಜಿ ಹಾಕಲು ಬೇರೆಯೇ ದಾರಿ ಇದೆ.

ಈ ಪತ್ರ ಪರವಾನಗಿ ಅಲ್ಲ. ಸಹಿ ಹಾಕಿದ್ದೇವೆ, 45 ದಿನ ಯಾಕೆ ಕಾಯಬೇಕು ಎಂದು ದಯವಿಟ್ಟು ಕೇಳಬೇಡಿ. ಮುಂಗಡ ತೆಗೆದುಕೊಳ್ಳಲು ಅಡ್ಡಿಯಿಲ್ಲ, ರಸೀದಿ ಬರೆದುಕೊಡುತ್ತೇವೆ. ಪತ್ರದ ಮೇಲಿನ ಸಹಿ ಮಾತ್ರ ಕೋವಿ ಕೊಡುವ ದಿನವೇ, ಇಬ್ಬರೂ ಖುದ್ದಾಗಿ ಬಂದಾಗ. ಅಲ್ಲಿಯವರೆಗೆ ಕೋವಿಯನ್ನು ನಮ್ಮಲ್ಲೇ ಠೇವಣಿ ಇಡುವುದಾದರೆ ಆ ಅವಧಿಗೆ ಶುಲ್ಕವಿಲ್ಲ. ಪತ್ರಕ್ಕೂ ಶುಲ್ಕವಿಲ್ಲ.

ಬರುವಾಗ ಇಬ್ಬರೂ ಮೂಲ ಲೈಸೆನ್ಸ್ ತನ್ನಿ, ನಕಲು ಸಾಲದು. ಅರ್ಜಿಯನ್ನು ಡಿಸಿ ಆಫೀಸಿನ ಟಪಾಲಿಗೆ ಕೊಟ್ಟರೂ ಠಾಣೆಗೆ ಕೊಟ್ಟರೂ, ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಕೊಡಲು ತಕರಾರು ಮಾಡಿದರೆ ತಲುಪಿದ ಪುರಾವೆ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಹಿಂದೆ ಯಾವಾಗಲೋ ಮಾರಿ ಕಾಗದವಿಲ್ಲದೆ ಇರುವವರು, ಕೊಂಡವರು ಇನ್ನೂ ಸಿಗುವ ಹಾಗಿದ್ದರೆ, ಇಬ್ಬರೂ ಒಮ್ಮೆ ಬನ್ನಿ. ಹಿಂದಿನ ತಾರೀಖು ಹಾಕಿ ಪತ್ರ ಬರೆದುಕೊಡುವುದಿಲ್ಲ. ಇಂಥ ಕೋವಿ ಇಂಥವರ ಬಳಿ ಇದೆ ಎಂದು ಇವತ್ತಿನ ತಾರೀಖಿನಲ್ಲಿ ಇಬ್ಬರೂ ಸಹಿ ಮಾಡಿದ ಒಂದು ಹೇಳಿಕೆ ತಯಾರಿಸಿಕೊಡುತ್ತೇವೆ. ಮಾದರಿ ಪ್ರತಿ ಕೌಂಟರಿನಲ್ಲಿದೆ, ಮನೆಗೆ ಒಯ್ದು ಓದಿ, ತಿದ್ದುವುದೇನಾದರೂ ಕಂಡರೆ ಹೇಳಿ. ಭಾನುವಾರ ಅಂಗಡಿ ರಜೆ.

ಇತಿ ನಿಮ್ಮ ವಿಶ್ವಾಸಿ,
ಅಂಗಡಿಯ ಮಾಲೀಕರು