ಕೈಗಾಕ್ಕೂ ಬರಲಿ ರೋಬೋ

ಮಾನ್ಯರೇ,

2011ರ ಸುನಾಮಿಯಲ್ಲಿ ಹಾಳಾದ ಜಪಾನಿನ ಫುಕುಶಿಮಾ ಅಣುಸ್ಥಾವರದ 2ನೇ ರಿಯಾಕ್ಟರಿನೊಳಗೆ 2017ರ ಫೆಬ್ರುವರಿಯಲ್ಲಿ ಚೇಳಿನಂತೆ ಬಾಲ ಎತ್ತುವ ರೋಬೋ ಕಳಿಸಿದ್ದರು. ದಾರಿಯಲ್ಲಿದ್ದ ಕಸದಿಂದಾಗಿ ಸಿಕ್ಕಿಹಾಕಿಕೊಂಡಿತು. ಕೊನೆಗೆ ಕೇಬಲ್ ಕತ್ತರಿಸಿ ಅಲ್ಲೇ ಬಿಟ್ಟರು. ಅದೇ ವರ್ಷದ ಜುಲೈನಲ್ಲಿ 3ನೇ ರಿಯಾಕ್ಟರಿನ ನೀರಲ್ಲಿ ಈಜಿದ ಪುಟ್ಟ ರೋಬೋ, ಕರಗಿದ ಇಂಧನದಂತೆ ಕಾಣುವ ಮುದ್ದೆಗಳ ಚಿತ್ರ ತಂದಿತು. ಮನುಷ್ಯರು ಅಲ್ಲಿಗೆ ಕಾಲಿಡುವ ಮಾತೇ ಇಲ್ಲ, ಅಲ್ವಾ?

ನಮ್ಮ ಕೈಗಾ ಅಣುಸ್ಥಾವರದಲ್ಲಿ 220 ಮೆಗಾವಾಟಿನ 4 ಘಟಕಗಳಿವೆ. 700 ಮೆಗಾವಾಟಿನ ಇನ್ನೆರಡು ಬರಲಿವೆ. ವಿಕಿರಣ ಜಾಸ್ತಿ ಇರುವ ಕಡೆ ತಾನಾಗಿ ಸುತ್ತಿ ಅಳತೆ ತೆಗೆಯುವ ರೋಬೋಗಳಿಗೆ ಹೊಸ ಘಟಕಗಳಲ್ಲಿ ಈಗಲೇ ಜಾಗ ಮಾಡಲಿ. ಬಾಗಿಲು, ಮೆಟ್ಟಿಲು ಅವಕ್ಕೂ ಹೊಂದಬೇಕಲ್ಲ! ತೆಗೆದ ಅಳತೆ ಸುಮ್ನೆ ಕಡತ ಸೇರದೆ, ಸುತ್ತಲಿನ ಮಲ್ಲಾಪುರ, ಕದ್ರಾದ ಜನರಿಗೂ ಕನ್ನಡದಲ್ಲಿ ಸಿಗಲಿ.

– ಓದುಗ, ಕಾರವಾರ