ದಿವಾಳಿಯಿಂದ ಎದ್ದು ನಿಂತ ಮೇಲೆ ಹಳೇ ಟಿಕೆಟ್ ದುಡ್ಡು ಕೊಡದಿರುವ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ರದ್ದಾದ ಎರಡು ಟಿಕೆಟ್‌ಗಳ ಹಣ ವಾಪಸ್ ಮಾಡುವುದು ಮತ್ತು ವೀಲ್‌ಚೇರ್ ಕೋರಿಕೆ ಪದೇ ಪದೇ ಅಳಿಸಿಹೋಗುತ್ತಿರುವುದು

ಮಾನ್ಯರೇ,

ಕಳೆದ ವಾರ ಬೆಳಿಗ್ಗೆ ನಿಮ್ಮಿಂದ ಒಂದು ಇಮೇಲ್ ಬಂತು. ಕೋರ್ಟಿನಲ್ಲಿದ್ದ ದಿವಾಳಿ ಪ್ರಕ್ರಿಯೆ ಮುಗಿಯಿತು, ಸಾಲದ ಹೊರೆ ಇಳಿಯಿತು, ಹೊಸ ಬಣ್ಣದ ವಿಮಾನಗಳು ಬರುತ್ತಿವೆ ಅಂತ. ಓದಿ ನಿಜಕ್ಕೂ ಖುಷಿಯಾಯಿತು. ಹನ್ನೊಂದು ವರ್ಷದಿಂದ ನಿಮ್ಮ ವಿಮಾನಗಳಲ್ಲೇ ಓಡಾಡಿದವನು ನಾನು. ನೀವು ಮುಚ್ಚಿಹೋಗಬಾರದು ಅಂತ ಮನಸಾರೆ ಬಯಸಿದ್ದೆ. ಅದೇ ದಿನ ಮಧ್ಯಾಹ್ನ ನಿಮ್ಮಿಂದಲೇ ಇನ್ನೊಂದು ಇಮೇಲ್. ನನ್ನ ಎರಡು ಟಿಕೆಟ್‌ಗಳ ಬದಲಿಗೆ ಕೊಟ್ಟಿದ್ದ ವೋಚರ್‌ನ ಅವಧಿ ಮುಗಿದಿದೆ, ಅದು ಪುನರ್‌ರಚನೆಗೆ ಮುಂಚಿನ ಬಾಕಿ, ಇನ್ನು ಏನೂ ಮಾಡಲಾಗದು ಅಂತ. ಈ ಪತ್ರ ಆ ಎರಡನೇ ಇಮೇಲ್‌ಗೆ ಉತ್ತರ.

ನೀವು ಕೋರ್ಟಿಗೆ ಅರ್ಜಿ ಹಾಕುವ ಎರಡು ತಿಂಗಳ ಮುಂಚೆ ನನಗೂ ಅಮ್ಮನಿಗೂ ಟಿಕೆಟ್ ಕೊಂಡಿದ್ದೆ. ಅರ್ಜಿ ಹಾಕಿದ ದಿನ ನೀವೇ ಎಲ್ಲ ಪ್ರಯಾಣಿಕರಿಗೂ ಬರೆದಿರಿ: ಟಿಕೆಟ್, ವೋಚರ್, ಮೈಲ್ಸ್ (ಹಾರಿದ್ದಕ್ಕೆ ಸಿಗುವ ಅಂಕಗಳು) ಎಲ್ಲವೂ ಮೊದಲಿನಂತೆಯೇ ನಡೆಯುತ್ತವೆ, ಆತಂಕ ಬೇಡ ಅಂತ. ಆ ಮಾತು ನಂಬಿ ಸುಮ್ಮನಿದ್ದೆ. ಮೂರು ವಾರ ಕಳೆದ ಮೇಲೆ ನಾವು ಹೋಗಬೇಕಿದ್ದ ನೇರ ವಿಮಾನವನ್ನು ನೀವೇ ರದ್ದು ಮಾಡಿದಿರಿ. ದುಡ್ಡು ವಾಪಸ್ ಕೇಳಿದೆ. ಕೋರ್ಟಿನಲ್ಲಿ ಕೇಸ್ ಇದೆ, ಸದ್ಯಕ್ಕೆ ವೋಚರ್ ತಗೊಳ್ಳಿ ಅಂದರು. ತಗೊಂಡೆ. ಆಮೇಲೆ ಅದನ್ನು ಬಳಸಲು ನಾಲ್ಕು ಸಲ ಪ್ರಯತ್ನಿಸಿದೆ. ನಾಲ್ಕು ಸಲವೂ ವೆಬ್‌ಸೈಟ್ ತೋರಿಸಿದ್ದು ಒಂದೇ, 'ಈ ಮಾರ್ಗಕ್ಕೆ ಅನ್ವಯಿಸುವುದಿಲ್ಲ'. ನಾನು ಹೋಗಬೇಕಿದ್ದ ಮಾರ್ಗವನ್ನೇ ನೀವು ಕೈಬಿಟ್ಟಿದ್ದಿರಿ. ಮತ್ತೆ ಯಾವ ಮಾರ್ಗಕ್ಕೆ ಬಳಸಲಿ ಹೇಳಿ?

ಇಂಥ ಪ್ರಕ್ರಿಯೆಯಲ್ಲಿ ಮಾರ್ಗ ಕಡಿತ, ವಿಮಾನಗಳ ಬಾಡಿಗೆ ಕರಾರು ಬದಲಾಯಿಸುವುದು, ಸಾಲವನ್ನು ಷೇರಾಗಿ ಮಾಡುವುದು (ಸಾಲ ಕೊಟ್ಟವರಿಗೆ ದುಡ್ಡಿನ ಬದಲು ಕಂಪನಿಯ ಪಾಲು ಕೊಡುವುದು) ಎಲ್ಲ ಇದ್ದದ್ದೇ. ಅದು ನನಗೂ ಅರ್ಥವಾಗುತ್ತದೆ. ಬ್ಯಾಂಕುಗಳು, ವಿಮಾನ ಬಾಡಿಗೆಗೆ ಕೊಟ್ಟವರು ವಕೀಲರನ್ನಿಟ್ಟುಕೊಂಡು ನಿಮ್ಮ ಎದುರು ಕೂತು ಮಾತಾಡಿದರು. ನಮಗೆ ಆ ಮೇಜಿನಲ್ಲಿ ಕುರ್ಚಿ ಇರಲಿಲ್ಲ. ಆದರೆ ನಾವೂ ನಿಮಗೆ ಸಾಲ ಕೊಟ್ಟವರೇ. ಪ್ರಯಾಣಕ್ಕೆ ತಿಂಗಳುಗಟ್ಟಲೆ ಮುಂಚೆ, ಬಡ್ಡಿಯಿಲ್ಲದೆ, ಪೂರ್ತಿ ದುಡ್ಡು ಕಟ್ಟಿದವರು. ಹಾರಾಟ ಆಗುವ ತನಕ ಟಿಕೆಟ್ ದುಡ್ಡು ನಿಮ್ಮ ಲೆಕ್ಕದಲ್ಲೂ ಆದಾಯವಲ್ಲ, ಅದೊಂದು ಹೊಣೆ. ಕೇಸ್ ನಡೆಯುತ್ತಿದ್ದ ದಿನಗಳಲ್ಲೂ ಜನ ಬುಕ್ ಮಾಡುತ್ತಲೇ ಇದ್ದರಲ್ಲ, ನಿಮ್ಮ ಕೈಯಲ್ಲಿ ನಗದು ಓಡಾಡಿದ್ದರಲ್ಲಿ ಅದರ ಪಾಲು ದೊಡ್ಡದು.

ಬೇರೆಯವರು ಇದನ್ನು ಸರಿಯಾಗಿಯೇ ಮಾಡಿದ್ದಾರೆ. ಜಪಾನ್ ಏರ್‌ಲೈನ್ಸ್ 2010ರ ಜನವರಿಯಲ್ಲಿ ಕೋರ್ಟಿನ ರಕ್ಷಣೆ ಕೇಳಿದಾಗ ಹಳೇ ಷೇರುದಾರರ ಹಣ ಪೂರ್ತಿ ಹೋಯಿತು, ಸಾವಿರಾರು ಜನರ ಕೆಲಸ ಹೋಯಿತು. ಆದರೂ ಪ್ರಯಾಣಿಕರ ಮೈಲ್ಸ್ ಉಳಿಸಿದರು, ವಿಮಾನಗಳು ಹಾರುತ್ತಲೇ ಇದ್ದವು. ಕಂಪನಿಯನ್ನು ಎತ್ತಿ ನಿಲ್ಲಿಸಲು ಬಂದ ಕಝುವೊ ಇನಾಮೊರಿ ಸಂಬಳವನ್ನೇ ತಗೊಳ್ಳಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿ ಮತ್ತೆ ಷೇರುಪೇಟೆಗೆ ಬಂತು. ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಅಮೆರಿಕದ ಸ್ಪಿರಿಟ್ ಏರ್‌ಲೈನ್ಸ್ ಸಾಲವನ್ನು ಷೇರಾಗಿ ಬದಲಿಸಿ 2025ರ ಮಾರ್ಚ್‌ನಲ್ಲಿ ದಿವಾಳಿ ಪ್ರಕ್ರಿಯೆಯಿಂದ ಹೊರಬಂತು, ಅದೇ ಆಗಸ್ಟ್‌ನಲ್ಲಿ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿತು. ಸಾಲ ಇಳಿದ ಮಾತ್ರಕ್ಕೆ ವಿಮಾನ ತುಂಬುವುದಿಲ್ಲ, ಅಲ್ವಾ? ತುಂಬಬೇಕಾದವರು ನಾವು.

ಎರಡನೇ ವಿಷಯ ಹೇಳುವಾಗ ಮನಸ್ಸಿಗೆ ಜಾಸ್ತಿ ನೋವಾಗುತ್ತದೆ. ಅಮ್ಮನಿಗೆ ಎರಡೂ ಮಂಡಿ ನೋವು, ಹೆಚ್ಚು ದೂರ ನಡೆಯಲಾರರು. ಕಳೆದ ತಿಂಗಳು ಬೇರೆ ಟಿಕೆಟ್‌ಗೆ ಹೊಸದಾಗಿ ದುಡ್ಡು ಕಟ್ಟಿ ಹೊರಟೆವು. ಹೊರಡುವ ಮುಂಚೆ ನೀವು ಮೂರು ಸಲ ಸಮಯ ಬದಲಿಸಿದಿರಿ. ಪ್ರತಿ ಸಲ ಟಿಕೆಟ್ ಹೊಸದಾಗಿ ಬಂದಾಗಲೂ ವೀಲ್‌ಚೇರ್ ಕೋರಿಕೆ ಅದರಲ್ಲಿ ಇರಲಿಲ್ಲ. ಎರಡು ಸಲ ಫೋನ್ ಮಾಡಿ ಸೇರಿಸಿದೆ. ಮೂರನೇ ಬದಲಾವಣೆ ಬಂದಿದ್ದು ಹಿಂದಿನ ರಾತ್ರಿ. ವಿಮಾನ ಬದಲಿಸಲು ಮಧ್ಯೆ ಇದ್ದದ್ದು 55 ನಿಮಿಷ. ಇಳಿದಾಗ ಬಾಗಿಲಲ್ಲಿ ವೀಲ್‌ಚೇರ್ ಇಲ್ಲ. ಅಮ್ಮ ಕೈಗಂಬಿ ಹಿಡಿದು ನಿಂತರು. ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಿದ್ದರು. 'ನೀನು ಓಡು, ನಾನು ನಿಧಾನಕ್ಕೆ ಬರ್ತೀನಿ' ಅಂದರು. ಹೇಗೆ ಬಿಟ್ಟು ಓಡಲಿ?

ಕೊನೆಗೆ ನಿಮ್ಮ ಸಿಬ್ಬಂದಿಯೊಬ್ಬರು, ಹೊಸ ಸಮವಸ್ತ್ರದ ಹುಡುಗಿ, ಯಾವುದೋ ಬೇರೆ ಗೇಟಿನಿಂದ ತಾವೇ ವೀಲ್‌ಚೇರ್ ತಳ್ಳಿಕೊಂಡು ಬಂದರು. ವಿಮಾನ ಹೋಗಿಯಾಗಿತ್ತು. ಆಕೆ ಕ್ಷಮೆ ಕೇಳಿ, ಮುಂದಿನ ವಿಮಾನದ ವಿವರವನ್ನು ಬೋರ್ಡಿಂಗ್ ಪಾಸ್‌ನ ಹಿಂಬದಿ ಪೆನ್ನಿನಲ್ಲಿ ಬರೆದುಕೊಟ್ಟರು. 'ಸಿಸ್ಟಮ್‌ನಲ್ಲಿ ಮತ್ತೆ ಅಳಿಸಿಹೋಗಬಹುದು, ಇದನ್ನು ತೋರಿಸಿ' ಅಂದರು. ಆ ಚೀಟಿಯ ಫೋಟೊ ಲಗತ್ತಿಸಿದ್ದೇನೆ. ಆಕೆಯ ಮೇಲೆ ನನ್ನ ದೂರು ಇಲ್ಲವೇ ಇಲ್ಲ. ಇಂಥವರಿಂದಲೇ ನಿಮ್ಮ ಕಂಪನಿ ಉಳಿದಿದೆ. ಒಬ್ಬರೇ ಎಷ್ಟು ಗೇಟು ನೋಡಿಕೊಳ್ಳಬೇಕು ಅನ್ನುವುದನ್ನು ದಯವಿಟ್ಟು ಯೋಚಿಸಿ.

ನಾನು ಕೇಳುವುದು ಇಷ್ಟು. ರದ್ದಾದ ಎರಡು ಟಿಕೆಟ್‌ಗಳ ಪೂರ್ತಿ ಹಣ ನಾನು ಕಟ್ಟಿದ ಕಾರ್ಡಿಗೇ ವಾಪಸ್ ಬರಬೇಕು. ಇನ್ನೊಂದು ವೋಚರ್ ಬೇಡ. ಕೊಡಲಾಗದು ಅನ್ನುವುದಾದರೆ, ಕೋರ್ಟ್ ಒಪ್ಪಿದ ಯೋಜನೆಯ ಯಾವ ಭಾಗ ಪ್ರಯಾಣಿಕರ ಬಾಕಿಯನ್ನು ಅಳಿಸಿದೆ ಅಂತ ಬರಹದಲ್ಲಿ ತೋರಿಸಿ. ಸಮಯ ಬದಲಾದಾಗ ವೀಲ್‌ಚೇರ್ ಕೋರಿಕೆ ತಾನಾಗಿಯೇ ಹೊಸ ಟಿಕೆಟ್‌ಗೆ ಹೋಗುವಂತೆ ಮಾಡಿ. ಇದು ಅಮ್ಮನೊಬ್ಬರ ಸಮಸ್ಯೆ ಅಲ್ಲ.

15 ದಿನ ಕಾಯುತ್ತೇನೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ವಿಮಾನಯಾನ ನಿಯಂತ್ರಕರಿಗೂ ನನ್ನ ಕಾರ್ಡ್ ಬ್ಯಾಂಕಿಗೂ ದೂರು ಕೊಡುತ್ತೇನೆ. ಟಿಕೆಟ್‌ಗಳು, ರದ್ದತಿ ಸಂದೇಶ, ಅರ್ಜಿ ಹಾಕಿದ ದಿನದ ನಿಮ್ಮ ಇಮೇಲ್ ಎಲ್ಲವೂ ಜೊತೆಗಿವೆ. ಚಾಟ್‌ನ ಸಿದ್ಧ ಉತ್ತರ ಬೇಡ, ಕಡತ ಓದಿದ ಒಬ್ಬರು ಹೆಸರು ಹಾಕಿ ಬರೆಯಲಿ. ಮುಂದಿನ ತಿಂಗಳು ಅಮ್ಮ ನಿಮ್ಮ ವಿಮಾನದಲ್ಲೇ ಒಬ್ಬರೇ ವಾಪಸ್ ಬರಬೇಕಿದೆ. ಅವರ ಟಿಕೆಟ್‌ನ ಸಮಯ ನಿನ್ನೆ ಮತ್ತೆ ಬದಲಾಗಿದೆ. ವೀಲ್‌ಚೇರ್ ಕೋರಿಕೆ ಅದರಲ್ಲಿ ಇಲ್ಲ.

ಇಂತಿ,
ನಿಮ್ಮ ಹಳೇ ಪ್ರಯಾಣಿಕ